ಇಪ್ಪತ್ಮೂರನೇ ಗುಂಡು

ಹೋದ ವರ್ಷ ಮೇ ತಿಂಗಳದಾಗ ವಿಜಯಪುರಕ್ಕ ಮಾಮಾನ ಮನಿಗೆ ಹೋಗಿದ್ನಿ. ಕರೆಂಟ್ ಹೋಗಿ ಎರಡ ತಾಸ ಆಗಿತ್ತ, ಎಲ್ಲಾರ ಫೋನೂ ಸತ್ತ ಬಿದ್ದಿದ್ವು, ಬಿಸಲಂತೂ ಕೇಳಬ್ಯಾಡ್ರಿ, ಅಂಗಳದಾಗ ಬೇವಿನ ಗಿಡದ ನೆರಳಿಗೆ ಹೊರಸ ಹಾಕೊಂಡ ಕುಂತಿದ್ವಿ. ಬ್ಯಾಗಿನ್ಯಾಗ ಪುಣೆದಾಗ ಸೆಕೆಂಡ್ ಹ್ಯಾಂಡ್ ತಗೊಂಡ ಪಿಎಸ್‌ಪಿ, ಅಂದ್ರ ಕೈಯಾಗ ಹಿಡಕೊಂಡ ವಿಡಿಯೋ ಗೇಮ್ ಆಡೋ ಡಬ್ಬಿ, ಇತ್ತ, ಅದಕ್ಕಿದ್ದದ್ದು ಒಂದ ಡಿಸ್ಕ್, ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್. ಮ್ಯಾಲಿಂದ ಇಳಿಯೋ ರಾಕ್ಷಸರ್ನ ಕೆಳಗಿಂದ ಗುಂಡ ಹೊಡದ ಕೆಡವೋ ಸ್ಪೇಸ್ ಇನ್ವೇಡರ್ಸ್ ಅನ್ನೋ ಹಳೇ ಆಟಕ್ಕ 30 ವರ್ಷ ತುಂಬಿದಾಗ 2008ರಾಗ ಬಿಟ್ಟದ್ದು ಅದು.

ಹೆಸರ ಕೇಳಿದ್ದ ತಡಾ ಮಾಮಾ ಶೇಂಗಾ ಸುಲಿಯೂದ ಬಿಟ್ಟ. ಎಂಬತ್ತರ ದಶಕದಾಗ ಮುಂಬೈಕ ದುಡಿಲಿಕ್ಕ ಹೋಗಿದ್ನಂತ, ಪಗಾರದಾಗಿನ ಚಿಲ್ರಿ ಎಲ್ಲಾ ಆ ಆಟದ ಮಷಿನ್ನಿಗೇ ಹಾಕೀನಿ, ನಿಮ್ಮ ಅತ್ತಿಗೆ ಹೇಳಬ್ಯಾಡ ಅಂದ. ಅತ್ತಿ ಅಲ್ಲೇ ಅಕ್ಕಿ ಹಸನ ಮಾಡ್ಕೋತ ಕುಂತಿದ್ಲು ಬಿಡ್ರಿ.

"ತೆರಿ ಕಪ್ಪು ಬಿಳುಪು, ಬಣ್ಣದ ಹಾಳಿ ಅಂಟಿಸಿರ್ತಿದ್ರು. ಐದ ಸಾಲು, ಸಾಲಿಗೆ ಹನ್ನೊಂದ, ಒಟ್ಟ 55 ರಾಕ್ಷಸರು, ಕೆಳಗ ನಾವ ಮರೆಯಾಗಾಕ ನಾಕ ಗ್ವಾಡಿ. ಹೊಡದಂಗ ಹೊಡದಂಗ ಉಳದವು ಜೋರ್ ಓಡ್ತಿದ್ವು ನೋಡ."

ಯಾಕ ಅನ್ನೂದ ನನಗ ಗೊತ್ತಿತ್ತ, ಶಾಣ್ಯಾತನ ತೋರಸಾಕ ಚಾನ್ಸ್ ಸಿಕ್ತ. 1978ರಾಗ ಜಪಾನಿನ ಟೈಟೋ ಕಂಪನ್ಯಾಗಿನ ತೊಮೊಹಿರೊ ನಿಶಿಕಾಡೊ ಆಟ ಬರದದ್ದಲ್ಲದ ಅದರ ಮಷಿನ್ನೂ ತಾನ ಕಟ್ಟಿದ್ದ. ಒಳಗಿನ ಚಿಪ್ ಇಂಟೆಲ್ 8080, ಪಾಪ, ಅದು ಸಲಕ್ಕ ಒಂದ ರಾಕ್ಷಸನ್ನ ಸರಸ್ತಿತ್ತ, ಪಂಕ್ತ್ಯಾಗ ಒಬ್ಬನ ಬಡಸಾಂವ ಇದ್ದಂಗ, 55 ಎಲಿ ಇದ್ರ ತಿರುಗಿ ನಿಮ್ಮ ಎಲಿಗೆ ಬರೂದ್ರಾಗ ಅನ್ನ ಆರ್ತೈತಿ, ನಾಕ ಮಂದಿ ಉಳದ್ರ ಬ್ಯಾಡ ಅಂದ್ರೂ ಬಂದ ನಿಲ್ತಾನ. ನಿಶಿಕಾಡೊ ಹಂಗಾಗ್ಲಿ ಅಂತ ಮಾಡಿದ್ದಲ್ಲ, ತಾನ ಆಗಿದ್ದು, ಚಲೋ ಐತಿ ಅಂತ ಬಿಟ್ಟ.

ಮಾಮಾಗ ಇದ್ಯಾವದೂ ಬೇಕಾಗಿರ್ಲಿಲ್ಲ, "ಕೊಡಿಲ್ಲೆ" ಅಂದ.

ಆಡಾಕ ಶುರು ಮಾಡಿದ್ದ, ಮೊದಲ್ನೇ ಮಾತ, "ಗ್ವಾಡಿ ಎಲ್ಲವಪಾ?" ಇಲ್ಲ ಮಾಮಾ, ಇದ್ರಾಗ ಗ್ವಾಡಿ ತಗದಾರ. ಅಂವಾ ಸೋಗಿ ಗುಡಿಸಲಾ ಕಿತ್ತ ಒಗದಂಗ ಮುಖ ಮಾಡಿದ. ಹಳೇದ್ರಾಗ ನಾಕ ಸ್ವರದ ದಪ್ ದಪ್ ಸಪ್ಪಳ ಇತ್ತ, ಇದ್ರಾಗ ಡಿಜೆ ಹಚ್ಚಿದಂಗ, ಗುಂಡ ಹಾರಿದ್ದೂ ತಾಳಕ್ಕ ಕೂಡ್ತೈತಿ. ಒಂದ ಬಣ್ಣದವು ಸಾಲಾಗಿ ನಾಕ ಹೊಡದ್ರ ದೊಡ್ಡ ಆಯುಧ ಸಿಗ್ತೈತಿ ಅಂದ್ನಿ, ಕೇಳಿಸ್ಕೊಳ್ಲೇ ಇಲ್ಲ, ತುಟಿ ಒಳಗ ಏನೋ ಮಣಮಣ ನಡದಿತ್ತ. ಜಪ ಅಂದ್ಕೊಂಡ್ನಿ. ಕಿವಿ ಕೊಟ್ಟ ಕೇಳಿದ್ರ ಹದಿನೆಂಟ, ಹತ್ತೊಂಬತ್ತ, ಇಪ್ಪತ್ತ...

ಗುಂಡ ಎಣಸಾಕ ಹತ್ತಿದ್ದ! ಹಳೇ ಮಷಿನ್‌ದಾಗ ಮ್ಯಾಲೆ ಹಾಯೋ ತಟ್ಟಿನ, ಅಂದ್ರ ರಾಕ್ಷಸರ ಹಾರೋ ವಾಹನಾನ, 23ನೇ ಗುಂಡಿಗೆ ಹೊಡದ್ರ 300 ಪಾಯಿಂಟ್ ಖಾತ್ರಿ, ಆಮ್ಯಾಲೆ ಪ್ರತಿ 15ನೇ ಗುಂಡಿಗೆ. ನಾ ಎಲ್ಲೋ ಓದಿ ತಿಳ್ಕೊಂಡಿದ್ದ ಇಂವಾ ರೊಕ್ಕಾ ಹಾಕಿ ಕಲತಿದ್ದ, ನಲವತ್ತ ವರ್ಷ ಆದ್ರೂ ಬಟ್ಟಿಗೆ ನೆನಪೈತಿ.

ಮಿಣಮಿಣ ಅನ್ಕೋತ ತಟ್ಟಿ ಬಂತ. "ಇಪ್ಪತ್ಮೂರ!" ಅಂತ ಒದರಿ ಹೊಡದ, ಬಿತ್ತೂ ಬಿತ್ತ. ಆದ್ರ ಈ ಆಟದಾಗ ಮಿಣುಕೋ ತಟ್ಟಿ ಹೊಡದ್ರ ಬೋನಸ್ ರೌಂಡಿಗೆ ಒಯ್ತೈತಿ, ತೆರಿ ಪೂರಾ ಬದಲಾಗಿ ಬ್ಯಾರೇನೋ ಬಂತ. ಮಾಮಾ ಗಾಬ್ರಿ ಬಿದ್ದ ಪಿಎಸ್‌ಪಿ ನನ್ ತೊಡಿ ಮ್ಯಾಲ ಒಗದ.

"ಏ ಕೆಡಿಸಿದ್ನಿ ಅನಸ್ತೈತಿ ನಿಂದು. ಎಷ್ಟ ಕೊಟ್ಟಿದ್ದಿ ಇದಕ್ಕ?"

ಅತ್ತಿ ಮರಾ ಕೆಳಗಿಟ್ಟ, "ಆವಾಗ ಮುಂಬೈದಾಗ ಎಷ್ಟ ಹೋತ, ಅದನ್ ಮೊದ್ಲ ಹೇಳ್ರಿ" ಅಂದ್ಲು.