ಊಟಕ್ಕೊಂದು ವೈಕಿಂಗ್ ಚಾಕು

ಮೊದಲು ಮನಸ್ಸಿನಲ್ಲಿದ್ದದ್ದು ಮುಳ್ಳುಚಮಚ. ಎರಡು ಹಲ್ಲು, ತಿರುಚಿದ ಹಿಡಿ, ಒಂದೇ ಸರಳಿನಲ್ಲಿ ಮುಗಿಯುವ ಕೆಲಸ. ವೈಕಿಂಗರ, ಅಂದರೆ ಸಾವಿರ ವರ್ಷದ ಹಿಂದಿನ ಉತ್ತರ ಯುರೋಪಿನ ಕಡಲಿಗರ, ಹೆಸರಿನಲ್ಲಿ ಅಂಥದ್ದನ್ನು ಎಷ್ಟೋ ಜನ ಮಾಡುತ್ತಾರೆ. ಆದರೆ ಓದುತ್ತಾ ಹೋದಂತೆ ನನ್ನ ಕೈ ತಡೆಯಿತು. ಆ ಜನ ಊಟಕ್ಕೆ ಮುಳ್ಳುಚಮಚ ಹಿಡಿದವರೇ ಅಲ್ಲ. ನೀರಾಗಿದ್ದದ್ದಕ್ಕೆ ಮರದ್ದೋ ಕೊಂಬಿನದೋ ಚಮಚ, ಮಿಕ್ಕಿದ್ದಕ್ಕೆಲ್ಲ ಸೊಂಟದ ಚಾಕು. ಗಂಡಸರ ಸಮಾಧಿಯಲ್ಲೂ ಹೆಂಗಸರ ಸಮಾಧಿಯಲ್ಲೂ ಚಾಕು ಸಿಕ್ಕಿದೆ. ವೈಕಿಂಗರು ನೆಲೆಸಿದ್ದ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕಾಪರ್‌ಗೇಟ್ ಎಂಬ ಬೀದಿಯನ್ನು 1976ರಿಂದ 1981ರವರೆಗೆ ಅಗೆದಾಗ ಅಂಥ ಚಾಕುಗಳೂ ಚರ್ಮದ ಒರೆಗಳೂ ಬಹಳಷ್ಟು ಹೊರಬಂದವು. ಎಷ್ಟೋ ಅಲಗುಗಳ ಮೈಯೆಲ್ಲ ಮೆದು ಕಬ್ಬಿಣ, ಕತ್ತರಿಸುವ ಬಾಯಿ ಮಾತ್ರ ಉಕ್ಕು. ಉಕ್ಕು ಸುಲಭಕ್ಕೆ ಸಿಗದ ಕಾಲದಲ್ಲಿ ಕಮ್ಮಾರ ಅದನ್ನು ಬೇಕಾದ ಕಡೆ ಬೇಕಾದಷ್ಟೇ ಇಟ್ಟು ಬೆಸೆದಿದ್ದಾನೆ. ಇದು ತಿಳಿದ ಮೇಲೆ ನನಗೆ ಚಾಕುವಿನದೇ ಧ್ಯಾನ.

ಹಾಗೆ ಬೆಸೆಯುವ ವಿದ್ಯೆ ನನಗಿನ್ನೂ ಒಲಿದಿಲ್ಲ. ಅದಕ್ಕೇ ಹಳೇ ಕಾರಿನ ಸುರುಳಿ ಸ್ಪ್ರಿಂಗ್ ತುಂಡರಿಸಿ ನೇರ ಮಾಡಿಕೊಂಡೆ. ನೆಲದಲ್ಲೊಂದು ಗುಂಡಿ, ಅದರ ಬುಡಕ್ಕೊಂದು ಕಬ್ಬಿಣದ ಕೊಳವೆ, ಕೊಳವೆಗೆ ಗಾಳಿ ಊದುವ ಬ್ಲೋವರ್, ಮೇಲೆ ಇದ್ದಿಲು. ಇಷ್ಟೇ ನನ್ನ ಕುಲುಮೆ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಾಗಿ ರೈಲು ಕಂಬಿಯ ತುಂಡು. ಮನೆಯಲ್ಲಿ ಮಾಡಲು ಹೊರಡುವವರಿಗೆ ಒಂದು ಮಾತು: ಸತು ಲೇಪಿಸಿದ ಕಬ್ಬಿಣವನ್ನು ಬೆಂಕಿಗೆ ಒಡ್ಡಲೇಬೇಡಿ. ಅದರ ಹೊಗೆ ವಿಷ.

ಚಾಕುವಿನಲ್ಲಿ ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಬಾಯಿ ತೆಗೆಯುವ ಕೆಲಸ. ಅಲಗಿನ ಒಂದೇ ಅಂಚನ್ನು ಬಡಿದು ತೆಳ್ಳಗೆ ಮಾಡುವಾಗ ಆ ಅಂಚು ಉದ್ದಕ್ಕೆ ಬೆಳೆಯುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ. ಬೆಳೆದ ಅಂಚಿಗೆ ಜಾಗ ಸಾಲದೆ ಇಡೀ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ನನ್ನದು ಅಂಗೈಯಗಲದ ಅಲಗು, ನಾಲ್ಕು ಕಾವಿನಲ್ಲೇ ಬಾಳೆಹಣ್ಣಿನಂತಾಗಿತ್ತು. ಪರಿಹಾರವೆಂದರೆ ಮೊದಲೇ ಅದನ್ನು ಬಾಯಿಯ ಕಡೆಗೆ, ಕುಡುಗೋಲಿನಂತೆ ಬಗ್ಗಿಸಿಟ್ಟುಕೊಳ್ಳುವುದು. ಆಮೇಲೆ ಬಡಿಯುತ್ತಾ ಹೋದರೆ ಅದು ತಾನಾಗಿಯೇ ನೆಟ್ಟಗಾಗುತ್ತಾ ಬರುತ್ತದೆ. ಎರಡನೇ ಅಲಗಿನಲ್ಲಿ ಹಾಗೆ ಮಾಡಿದೆ. ಕಿತ್ತಳೆ ಬಣ್ಣದ ಕಬ್ಬಿಣ ಪ್ರತಿ ಪೆಟ್ಟಿಗೂ ಚೂರುಚೂರೇ ಸೆಟೆದು ಬೆನ್ನು ಸರಳರೇಖೆಗೆ ಬಂದು ನಿಂತಾಗ ಸುತ್ತಿಗೆ ಕೆಳಗಿಟ್ಟು ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ. ಅಷ್ಟರಲ್ಲಿ ಅದು ಕಪ್ಪಾಗಿ ಮತ್ತೆ ಬೆಂಕಿಗೆ ಹೋಗಬೇಕಾಯಿತು.

ಮೊದಲ ಅಲಗು ಏನಾಯಿತು ಎಂದರೆ, ಹದ ಹಾಕುವಾಗ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಡಸು ಮಾಡುವಾಗ, ಆತುರಪಟ್ಟು ನೀರಿಗೆ ಅದ್ದಿದ್ದೆ. ನೀರೊಳಗಿಂದ ಟಿಣ್ ಎಂದು ಸದ್ದು ಬಂತು. ತೆಗೆದು ನೋಡಿದರೆ ಬಾಯಿಯಿಂದ ಬೆನ್ನಿನತ್ತ ಕೂದಲೆಳೆಯಂಥ ಬಿರುಕು. ಎರಡು ದಿನದ ಕೆಲಸ ಅದು. ಬಹಳ ಸಂಕಟವಾಯಿತು. ಈ ಬಗೆಯ ಸ್ಪ್ರಿಂಗ್ ಉಕ್ಕಿಗೆ ಬೇಕಾದದ್ದು ಎಣ್ಣೆ.

ಎರಡನೆಯದನ್ನು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟೆ. ಬಡಿತಕ್ಕೆ ಬಿಗಿದುಕೊಂಡ ಕಬ್ಬಿಣ ಹಾಗೆ ಸಡಿಲವಾಗುತ್ತದೆ. ಕತ್ತಲಾದ ಮೇಲೆ ಕುಲುಮೆ ಹೊತ್ತಿಸಿದೆ, ಹಗಲಲ್ಲಿ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ತಂತಿಗೆ ಕಟ್ಟಿದ ಅಯಸ್ಕಾಂತ ಅಂಟದಾದ ಮೇಲೆ ಇನ್ನೊಂದಿಷ್ಟು ಕಾಯಿಸಿ, ಬೆಚ್ಚಗಿದ್ದ ಅಡುಗೆ ಎಣ್ಣೆಗೆ ಮೊನೆ ಮುಂದಾಗಿ ನೇರ ಇಳಿಸಿದೆ. ಭಗ್ಗನೆ ಜ್ವಾಲೆ ಎದ್ದಿತು. ಎಣ್ಣೆಯ ಡಬ್ಬಕ್ಕೆ ಕಬ್ಬಿಣದ ಮುಚ್ಚಳ ಪಕ್ಕದಲ್ಲೇ ಇರಬೇಕು, ಇತ್ತು. ಆರಿದ ಮೇಲೆ ಅರ ಆಡಿಸಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಅಷ್ಟು ಗಡಸಾದದ್ದು ಕೈಜಾರಿ ಬಿದ್ದರೆ ಒಡೆಯುತ್ತದೆ. ಹಾಗಾಗಿ ಗಡಸು ಸ್ವಲ್ಪ ಇಳಿಸಲು ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ, ಎರಡು ಬಾರಿ. ಉಜ್ಜಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು.

ಹಿಡಿಗೆ ಗಟ್ಟಿ ಮರದ ತುಂಡು. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಹಿಡಿಯೊಳಗೆ ಹೋಗುವ ಬಾಲವನ್ನಷ್ಟೇ ಕಾಯಿಸಿ, ಮೊದಲೇ ಕೊರೆದ ತೂತಿಗೆ ಒತ್ತಿದೆ. ಮರ ಸುಟ್ಟು ತನ್ನ ಅಳತೆಗೆ ತಾನೇ ದಾರಿ ಮಾಡಿಕೊಡುತ್ತದೆ. ಆ ಹೊಗೆಯ ವಾಸನೆ ಹಿಡಿಯಲ್ಲಿ ಇನ್ನೂ ಇದೆ.

ಸಾಣೆ ಹಿಡಿದು ಮೊದಲು ಕತ್ತರಿಸಿದ್ದು ಸೇಬು. ನಾರ್ವೆಯಲ್ಲಿ 1904ರಲ್ಲಿ ಅಗೆದ ಓಸೆಬರ್ಗ್ ಹಡಗು ಸಮಾಧಿಯಲ್ಲಿ, 834ರಲ್ಲಿ ಹೂಳಿದ ಬಕೆಟ್ಟಿನೊಳಗೆ, ಕಾಡುಸೇಬು ಸಿಕ್ಕಿತ್ತು. ಸೇಬನ್ನೇ ಆರಿಸಿದ್ದು ಅದಕ್ಕಾಗಿ. ರಸ ತಾಗಿದ ಕಡೆ ಹೊಳೆಯುವ ಅಲಗಿನ ಮೇಲೆ ನೀಲಿ ಬೂದಿ ಬಣ್ಣದ ಕಲೆ ಕೂತಿತು. ಒರೆಸಿ, ಎಣ್ಣೆ ಸವರಿ ಇಟ್ಟೆ. ಆ ಕಲೆಯನ್ನು ಉಜ್ಜಿ ತೆಗೆದಿಲ್ಲ.