ಮೂರು ನಾಲ್ಕು, ಮೂರು ನಾಲ್ಕು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್ಮಾಸ್ಟ್ರು ಹೋದ ವರ್ಷವೇ ಕೇಳಿದ್ದರು. ಇವತ್ತು ನಾಳೆ ಅನ್ನುತ್ತಾ ದಿನ ದೂಡಿದೆ. ಈ ಮಳೆಗಾಲದಲ್ಲಿ ನಮ್ಮ ಕನ್ನಡ ಮಾಸ್ಟ್ರು ತೀರಿಕೊಂಡರು. ಇನ್ನು ಮುಂದೆ ಹಾಕುವ ಹಾಗಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೊಗಳಿಕೆ ಅಚ್ಚಾಗುವುದು ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕಾಸರಗೋಡಿನ ಕಡೆ, ಕುಂಬಳೆಯಿಂದ ಬದಿಯಡ್ಕದವರೆಗೆ 'ರಾಗ ಮಾಸ್ಟ್ರು' ಅಂದರೆ ಸಾಕು, ನಮ್ಮ ಪ್ರಾಯದವರಿಗೆ ಗೊತ್ತಾಗುತ್ತದೆ.

ನಮ್ಮ ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಯಾವ ಯಾವ ಪಾಠ ಇತ್ತು ಎಂದು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಒಂದೂ ನೆನಪಿಲ್ಲ. ಆದರೆ ಭಾಮಿನಿ ಷಟ್ಪದಿ ಮಾತ್ರ ಇವತ್ತು ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಮಾಸ್ಟ್ರು ಬೋರ್ಡಿನ ಮೇಲೆ ಲಘು, ಗುರು ಎಂದು ಗೆರೆ ಎಳೆದು ಶುರುಮಾಡಲಿಲ್ಲ. ಡಸ್ಟರ್ ತೆಗೆದುಕೊಂಡು ಮೇಜಿಗೆ ಬಡಿದರು. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ನಾಲ್ಕು, ಮೂರು ನಾಲ್ಕು. ಸುಣ್ಣದ ಪುಡಿ ಹಾರಿ ಮುಂದಿನ ಬೆಂಚಿನವರೆಲ್ಲ ಸೀನಿದರು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಇದೇ ನಡೆ ಮೂರು ಸಲ, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. "ಆ ಕೊನೆಯ ಗುರು ಎಂತಕ್ಕೆ ಗೊತ್ತುಂಟಾ? ಉಸಿರು ಬಿಡಲಿಕ್ಕೆ. ಕವಿಗೂ ಶ್ವಾಸ ಬೇಕಲ್ಲ ಮಾರಾಯ!" ಅಂದರು. ಹಾಡುಗಾರರು ಮಿಶ್ರ ಛಾಪು ಅನ್ನುವುದು ಇದೇ ಏಳನ್ನು ಎಂದು ಆಮೇಲೆ ಹೇಳಿದರು. ಮೊದಲು ಕೈಗೆ ಬರಬೇಕು, ಹೆಸರು ಆಮೇಲೆ. ಅವರ ಕ್ರಮ ಅಷ್ಟೇ.

"ಪಾರ್ತಿಸುಬ್ಬನ ಸೀಮೆಯವರು ನೀವು. ತಾಳ ತಪ್ಪಿದರೆ ಕುಂಬಳೆಗೆ ಮರ್ಯಾದೆ ಉಂಟಾ?" ಎಂದು, ಕುಂಬಳೆಯ ಆ ಹಳೆಯ ಯಕ್ಷಗಾನ ಕವಿಯ ಹೆಸರು ಹೇಳಿ ಹೆದರಿಸುತ್ತಿದ್ದರು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದು ಕ್ಲಾಸಿನಲ್ಲಿ ತೂಕಡಿಸುವ ಹುಡುಗರಿಗೆ ಮಾತ್ರ ಅವರಲ್ಲಿ ಮಾಫಿ ಇತ್ತು.

ಕಾಸರಗೋಡು ಸಪ್ತಭಾಷೆಗಳ ಸಂಗಮ ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲ, ನಮಗೆ ಅದು ಹಿಂದಿನ ಬೆಂಚಿನಲ್ಲೇ ಆಗಿಹೋಗಿತ್ತು. ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಎಲ್ಲ ಒಂದೇ ಸಾಲಿನಲ್ಲಿ. ಮನೆಯ ರೇಡಿಯೋ ಕೂಡ ಹಾಗೆಯೇ. ಮುಳ್ಳು ಆಚೆ ತಿರುಗಿಸಿದರೆ ಕೋಯಿಕ್ಕೋಡು, ಈಚೆ ತಿರುಗಿಸಿದರೆ ಮಂಗಳೂರು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ, ನಾವು ಸಣ್ಣ ಮಕ್ಕಳು. ಅದಕ್ಕೂ ಮೊದಲು ಕನ್ನಡ ಹಾಡು ಬೇಕೆಂದರೆ ಧಾರವಾಡವನ್ನೋ ಬೆಂಗಳೂರನ್ನೋ ಗರಗರ ಶಬ್ದದ ನಡುವೆ ಹುಡುಕಬೇಕಿತ್ತಂತೆ. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸನ್ಸ್ ದುಡ್ಡು ಬೇರೆ ಕಟ್ಟಬೇಕು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಸುಮ್ನೆ ಬಿಡ್ತೀರಿ ಅಂತಾರೆ.

ಮಾಸ್ಟ್ರಿಗೆ ಪಿ.ಬಿ. ಶ್ರೀನಿವಾಸ್ ಎಂದರೆ ಪ್ರಾಣ. ಹುಟ್ಟಿದ್ದು ಕಾಕಿನಾಡದಲ್ಲಿ, ಬದುಕಿದ್ದು ಮದ್ರಾಸಿನಲ್ಲಿ, ಕನ್ನಡದ ಒಂದು ಅಕ್ಷರ ಕೆಡಿಸಲಿಲ್ಲ ಎನ್ನುವುದು ಅವರ ವಾದ. ಎಸ್. ಜಾನಕಿಯವರ ಹಾಡು ಬಂದರೆ ಮಲಯಾಳದ ಒಂದು, ಕನ್ನಡದ ಒಂದು ಕೇಳಿ ಬನ್ನಿ ಅನ್ನುತ್ತಿದ್ದರು. ಆಂಧ್ರದ ಹೆಣ್ಣುಮಗಳು. ಅಲ್ಲಿ ಮಲಯಾಳಿ, ಇಲ್ಲಿ ಕನ್ನಡತಿ. "ನೀವು ಎರಡೂ ಊರಿನ ನೀರು ಕುಡಿದವರು. ಎರಡನ್ನೂ ಸರಿಯಾಗಿ ಹೇಳಲಿಕ್ಕೆ ನಿಮಗೆ ಎಂತ ದಾಡಿ?" ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅವರಿಗೊಂದು ಹಳೆಯ ಸಿಟ್ಟಿತ್ತು. ರಾಜಕುಮಾರ್ ಆಗೊಮ್ಮೆ ಈಗೊಮ್ಮೆ ಹಾಡಿದ್ದು ಬಿಟ್ಟರೆ ಅವರ ದನಿಯಾಗಿದ್ದವರು ಶ್ರೀನಿವಾಸರೇ. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ನಮ್ಮ ಮಾಸ್ಟ್ರು ಅದನ್ನು ಮನೆಯ ಜಾಗದ ತಕರಾರಿನ ಹಾಗೆ ವರ್ಷಗಟ್ಟಲೆ ಹೊತ್ತುಕೊಂಡರು. ಹುಡುಗರೆಲ್ಲ ರಾಜಕುಮಾರ್ ಪಕ್ಷ. ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡ ವಾದ. ಮಾಸ್ಟ್ರು ಒಬ್ಬರೇ ಒಂದು ಕಡೆ, ಆದರೂ ಗೆಲ್ಲುವುದು ಅವರೇ. ಮಾರ್ಕು ಅವರ ಕೈಯಲ್ಲಿತ್ತಲ್ಲ.

ಆ ರಾಜಕುಮಾರ್ ಸಿನಿಮಾ ನೋಡಲು ನಾವು ಕಾದದ್ದೇನು ಕಡಿಮೆಯೇ? ಇಲ್ಲಿನ ಟಾಕೀಸುಗಳಲ್ಲಿ ಮಲಯಾಳ ಚಿತ್ರಗಳದ್ದೇ ಓಟ. ಕನ್ನಡದ್ದು ಬಂದರೂ ತಡವಾಗಿ, ಗೀರು ಬಿದ್ದ ರೀಲಿನಲ್ಲಿ. ಒಳ್ಳೆಯ ಪ್ರಿಂಟ್ ಬೇಕೆಂದರೆ ಐವತ್ತು ಕಿಲೋಮೀಟರ್ ದೂರದ ಮಂಗಳೂರು. ಗಡಿಯ ತಲಪಾಡಿ ದಾಟಿದ ಕೂಡಲೇ ಬೋರ್ಡುಗಳೆಲ್ಲ ಕನ್ನಡ. ನಾವು ಗಟ್ಟಿಯಾಗಿ ಓದುತ್ತಾ ಹೋಗುತ್ತಿದ್ದೆವು, ಪೆಪ್ಪರಮಿಂಟಿನ ಜಾಹೀರಾತನ್ನೂ ಬಿಡದೆ. ಮಂಗಳೂರಿನ ಜ್ಯೋತಿ ಟಾಕೀಸಿನ ಮುಂದೆ ಸಾಲು ನಿಂತದ್ದು ಜಾಸ್ತಿ, ಟಿಕೆಟ್ ಸಿಕ್ಕಿದ್ದು ಕಮ್ಮಿ. ಬಸ್ಸಿನವರು ಇವತ್ತಿಗೂ ಆ ಸ್ಟಾಪನ್ನು 'ಜ್ಯೋತಿ' ಎಂದೇ ಕೂಗುತ್ತಾರೆ.

ಈಗ ವಾರ್ಷಿಕೋತ್ಸವದ ಕಥೆ. ಇದನ್ನು ಬರೆಯದಿದ್ದರೆ ನನ್ನ ಬ್ಯಾಚಿನವರು ಸಂಚಿಕೆ ಕೊಳ್ಳುವುದಿಲ್ಲ.

ಬೆಳಿಗ್ಗೆ ಮೈಕ್‌ಸೆಟ್ಟಿನವರು ಬಂದು ತೆಂಗಿನ ಮರಕ್ಕೆ ಹಾರ್ನ್ ಕಟ್ಟಿದರು. ಭಕ್ತಿಗೀತೆ ಬಿಟ್ಟು ಬೇರೇನೂ ಹಾಕಕೂಡದು ಎಂದು ಹೆಡ್ಮಾಸ್ಟ್ರ ಆಜ್ಞೆ. ರೆಕಾರ್ಡು ಹಾಕುವ ಹುಡುಗ ಚಹಾಕ್ಕೆ ಹೋದ. ನಾವು ನಾಲ್ವರು ಎರಡು ಕವರಿನ ರೆಕಾರ್ಡು ಅದಲುಬದಲು ಮಾಡಿದೆವು. ಅವನು ಬಂದವನೇ ದೇವರ ಚಿತ್ರ ನೋಡಿ ಕೈಮುಗಿದು ರೆಕಾರ್ಡು ಇಟ್ಟ. ಹೊರಟಿತು ನೋಡಿ ಎಲ್.ಆರ್. ಈಶ್ವರಿಯವರ ಕ್ಲಬ್ ಹಾಡು! ಗುಡ್ಡದಾಚೆಯ ಅಡಿಕೆ ತೋಟಕ್ಕೂ ಕೇಳಿತಂತೆ. ಹೆಡ್ಮಾಸ್ಟ್ರು ಬೆತ್ತ ಹಿಡಿದು ಓಡಿ ಬಂದರು. ನಮ್ಮ ಲೀಡರ್ ಒಂದಿಷ್ಟೂ ಅಳುಕಲಿಲ್ಲ. "ಸಾರ್, ಮಾರಿಯಮ್ಮನ ಭಕ್ತಿಗೀತೆ ಹಾಡಿದವರೂ ಇವರೇ ಸಾರ್" ಅಂದ. ಮಾತು ಸುಳ್ಳಲ್ಲ. ತಮಿಳಿನಲ್ಲಿ ಅಮ್ಮನ ಹಾಡುಗಳಿಗೆ ಈಶ್ವರಿಯವರದ್ದೇ ಹೆಸರು. ಹೆಡ್ಮಾಸ್ಟ್ರಿಗೆ ಒಂದು ಕ್ಷಣ ಬೆತ್ತ ಎತ್ತಬೇಕೋ ಇಳಿಸಬೇಕೋ ತಿಳಿಯಲಿಲ್ಲ. ಹಿಂದೆ ನಿಂತಿದ್ದ ರಾಗ ಮಾಸ್ಟ್ರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಹಾಡು ಮುಗಿಯುವವರೆಗೆ ಯಾರೂ ಮುಳ್ಳು ಎತ್ತಲಿಲ್ಲ ಎನ್ನುವುದು ಗಮನಿಸಬೇಕಾದ ಮಾತು.

ಮರುದಿನ ಶಿಕ್ಷೆ. ಅದೇ ಹಾಡಿನ ಪಲ್ಲವಿ ಬರೆದು ಮಾತ್ರೆ ಎಣಿಸಿ ಗಣ ವಿಂಗಡಿಸಿ ತರಬೇಕು. ನಾಲ್ವರೂ ರಾತ್ರಿ ಚಿಮಿಣಿ ದೀಪದಲ್ಲಿ ಕೂತು ಕ್ಲಬ್ ಹಾಡಿಗೆ ಪ್ರಸ್ತಾರ ಹಾಕಿದೆವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ನನ್ನದೊಂದೇ ಸರಿಯಿತ್ತು. "ನಿನಗೆ ಕಿವಿ ಉಂಟು" ಎಂದು ಮಾಸ್ಟ್ರು ಎಲ್ಲರೆದುರು ಅಂದರು. ಬ್ಯಾಂಕಿನಲ್ಲಿ ಆಮೇಲೆ ಸಿಕ್ಕಿದ ಪ್ರಮೋಶನ್ನುಗಳಿಗೆ ಅಷ್ಟು ಖುಷಿಯಾಗಿಲ್ಲ. ಉಪಜಿಲ್ಲಾ ಯುವಜನೋತ್ಸವದ ಲಲಿತಗಾಯನದಲ್ಲಿ ಬಹುಮಾನ ಬಂದದ್ದೂ ಆ ವರ್ಷವೇ. ಕಲೋತ್ಸವ ಎಂಬ ಹೆಸರು ಬಹಳ ಆಮೇಲಿನದು. ಬೆಂಗಳೂರಿನ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಈಗಲೂ ನಾನು ಹಾಡದಿದ್ದರೆ ಯಾರೂ ಎದ್ದು ಹೋಗುವುದಿಲ್ಲ.

ನಾವು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1984ರಲ್ಲಿ. ಆ ಮೇ 24ಕ್ಕೆ ಕಾಸರಗೋಡು ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ನಾನು ಕೆಲಸ ಹುಡುಕಿಕೊಂಡು ಗಟ್ಟ ಹತ್ತಿದೆ. ಮನೆಗೆ ಟೇಪ್‌ರೆಕಾರ್ಡರ್ ಬಂತು, ಆಮೇಲೆ ಸೀಡಿ, ಆಮೇಲೆ ಏನೇನೋ. 1992ರ ಸಾಲಿನ ಗಾಯನದ ರಾಷ್ಟ್ರಪ್ರಶಸ್ತಿ 'ಜೀವನ ಚೈತ್ರ'ದ ಹಾಡಿಗಾಗಿ ರಾಜಕುಮಾರ್‌ಗೆ ಸಿಕ್ಕಿತು. ಮಾಸ್ಟ್ರನ್ನು ಕೆಣಕಲೆಂದೇ ಒಂದು ಕಾರ್ಡು ಬರೆದೆ. ವಾರದಲ್ಲಿ ಉತ್ತರ ಬಂತು: "ಕೇಳಿದೆ. ಒಳ್ಳೆಯದುಂಟು. ಆದರೂ ಶ್ರೀನಿವಾಸರು ಶ್ರೀನಿವಾಸರೇ. ಮನೆಯಲ್ಲಿ ಎಲ್ಲರೂ ಸೌಖ್ಯವೇ?" 2013ರ ಏಪ್ರಿಲಿನಲ್ಲಿ ಶ್ರೀನಿವಾಸ್ ತೀರಿಕೊಂಡ ದಿನ ಫೋನ್ ಮಾಡಿದ್ದೆ. ಮಾಸ್ಟ್ರು ಮಾತಾಡಲಿಲ್ಲ. ಅವರ ಮನೆಯವರು, "ಬೆಳಿಗ್ಗೆಯಿಂದ ರೇಡಿಯೋ ಎದುರೇ ಕೂತಿದ್ದಾರೆ" ಅಂದರು.

ಸಂತಾಪ ಸಭೆಗೆ ಬಂದಾಗ ಶಾಲೆ ಸುತ್ತಿ ನೋಡಿದೆ. ಕ್ಲಾಸುಗಳಲ್ಲಿ ಪ್ರೊಜೆಕ್ಟರ್, ಸ್ಪೀಕರ್. ಪದ್ಯವನ್ನು ಯಾರೋ ಒಳ್ಳೆಯ ಗಾಯಕರು ಹಾಡಿದ್ದಾರೆ, ಟೀಚರ್ ಬಟನ್ ಒತ್ತುತ್ತಾರೆ. ಹಾಡು ಚೆನ್ನಾಗಿಯೇ ಇದೆ. ಆದರೆ ಒಬ್ಬ ಹುಡುಗನೂ ಬೆಂಚು ಬಡಿಯುತ್ತಿರಲಿಲ್ಲ. ಶ್ರುತಿ ತಪ್ಪಿದರೂ ಮಾಸ್ಟ್ರೇ ಹಾಡಬೇಕು ಎನ್ನುವವನು ನಾನು. ಈಗಿನವರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಅವರಿಗೆ ತುಂಬಬೇಕಾದ ಫಾರಂಗಳೇ ಅಷ್ಟಿವೆ. ಕನ್ನಡ ಡಿವಿಜನ್ನುಗಳೂ ಕರಗುತ್ತಿವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದವರು ಗಣಿತ ಕಲಿಸುವ ಪರಿಸ್ಥಿತಿ ಬಂದರೆ ಯಾವ ಪ್ರೊಜೆಕ್ಟರ್ ಏನು ಮಾಡೀತು, ಅಲ್ವಾ?

ಸಭೆ ಮುಗಿದಮೇಲೆ ಮಾಸ್ಟ್ರ ಮನೆಯವರು ಒಂದು ಕಟ್ಟು ನೋಟ್‌ಬುಕ್ ಕೊಟ್ಟರು. ರೇಡಿಯೋದಲ್ಲಿ ಕೇಳಿದ ಹಾಡುಗಳದ್ದೇ ಲೆಕ್ಕ. ತಾರೀಕು, ಹಾಡಿದವರು, ತಾಳ, ಪಕ್ಕದಲ್ಲಿ 'ಇಲ್ಲಿ ಅಕ್ಷರ ನುಂಗಿದ್ದಾರೆ' ಎಂಬಂಥ ಟಿಪ್ಪಣಿ. ಶಾಯಿ ಹರಡಿದೆ, ಕೆಲವು ಪುಟಕ್ಕೆ ಗೆದ್ದಲು ಹಿಡಿದಿದೆ. ಈಗಿನ ಹೆಡ್ಮಾಸ್ಟ್ರು ಲೈಬ್ರರಿಯಲ್ಲಿ ಒಂದು ಮೇಜು ಬಿಟ್ಟುಕೊಟ್ಟಿದ್ದಾರೆ. ಕ್ರಿಸ್‌ಮಸ್ ರಜೆಯಲ್ಲಿ ನಾನು ಊರಲ್ಲೇ ಇರುತ್ತೇನೆ. ಆ ಅಕ್ಷರ ಗುರುತಿಸಬಲ್ಲ ಹಳೆಯ ವಿದ್ಯಾರ್ಥಿಗಳು ಯಾರಾದರೂ ಬಂದರೆ ಕೂತು ಪ್ರತಿ ಮಾಡೋಣ. ಚಹಾ, ಗೋಳಿಬಜೆ ನನ್ನ ಲೆಕ್ಕಕ್ಕೆ. ರಾಜಕುಮಾರ್ ಪಕ್ಷದವರೂ ಬರಬಹುದು.