ಅಸ್ಥಿಪಂಜರದ ಕೈಯಲ್ಲಿ ಗಿಟಾರ್

ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದವನೇ ಗಿಟಾರ್ ಎತ್ತಿಕೊಂಡೆ. ಒಂದು ಸುಲಭದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲೂ ಆಗಲಿಲ್ಲ. ಉಂಗುರದ ಬೆರಳು ಕಟ್ಟಿಗೆ ತುಂಡಿನ ಹಾಗೆ ಸೆಟೆದುಕೊಂಡಿತ್ತು. ಮುಖ ಊದಿಸಿಕೊಂಡು ಕೂತಿದ್ದವನ ಕೈಗೆ ಅಣ್ಣ ಫೋನ್ ಕೊಟ್ಟು, "ಮೊದಲು ಇದನ್ನ ನೋಡು, ಆಮೇಲೆ ಅಳು" ಅಂದ.

ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ 'ಟಚ್ ಆಫ್ ಗ್ರೇ' ವಿಡಿಯೊ. ವೇದಿಕೆ ತುಂಬಾ ಆಳೆತ್ತರದ ಅಸ್ಥಿಪಂಜರಗಳು, ದಾರ ಕಟ್ಟಿದ ಬೊಂಬೆಗಳು, ಗಿಟಾರ್ ನುಡಿಸುತ್ತಾ ಹಾಡುತ್ತಿವೆ. ನಡುವೆ ಒಂದು ನಾಯಿ ಬಂದು ಕಾಲಿನ ಮೂಳೆಯನ್ನೇ ಕಚ್ಚಿಕೊಂಡು ಓಡಿಹೋಗುತ್ತದೆ! ಕೊನೆಗೆ ಬೊಂಬೆಗಳಿದ್ದ ಜಾಗದಲ್ಲಿ ನಿಜವಾದ ಮನುಷ್ಯರು, ನಡುವೆ ನರೆತ ಗಡ್ಡದ ಜೆರ್ರಿ ಗಾರ್ಸಿಯಾ, ಬ್ಯಾಂಡಿನ ಗಿಟಾರ್ ವಾದಕ, ಗಾಯಕ.

1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ರಾಕ್ ಬ್ಯಾಂಡ್ ಇದು. ಅಭಿಮಾನಿಗಳು ಊರಿಂದೂರಿಗೆ ಹಿಂದೆ ಬೀಳುತ್ತಿದ್ದರು, ಆದರೆ ಹಿಟ್ ಅಂತ ಹೇಳಿಕೊಳ್ಳೋಕೆ ಏನೂ ಇರಲಿಲ್ಲ. ಈ ಹಾಡು ಬರುವವರೆಗೆ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅವರು ಏರಿದ್ದು 64ನೇ ಸ್ಥಾನಕ್ಕೆ, ಅಷ್ಟೇ. 1986ರ ಜುಲೈನಲ್ಲಿ ಗಾರ್ಸಿಯಾ ಸಕ್ಕರೆ ಕಾಯಿಲೆಯಿಂದ ಕೋಮಾಕ್ಕೆ ಹೋದರು. ಎಚ್ಚರವಾದ ಮೇಲೆ ಗಿಟಾರ್ ಮತ್ತೆ ಮೊದಲಿಂದ ಕಲಿಯಬೇಕಾಯಿತು. ಡಿಸೆಂಬರ್‌ನಲ್ಲಿ ಓಕ್ಲೆಂಡಿನ ವೇದಿಕೆಗೆ ಮರಳಿದಾಗ ಮೊದಲು ಹಾಡಿದ್ದು ಇದೇ ಹಾಡು. 1987ರಲ್ಲಿ ಅದು 9ನೇ ಸ್ಥಾನಕ್ಕೆ ಹೋಯಿತು. ಮೊದಲ ಹತ್ತರೊಳಗೆ ಬಂದ ಅವರ ಒಂದೇ ಒಂದು ಹಾಡು!

"ಸಾವಿನ ಬಾಗಿಲು ತಟ್ಟಿ ಬಂದು ಬರೆದದ್ದು, ಅದಕ್ಕೇ ಹಾಗೆ ತಟ್ಟುತ್ತೆ, ಅಲ್ವಾ?" ಅಂದೆ.

"ಇಲ್ಲ ಮಾರಾಯ, 1982ರಿಂದಲೇ ವೇದಿಕೆಯಲ್ಲಿ ಹಾಡ್ತಿದ್ರು. ಸಾಹಿತ್ಯ ರಾಬರ್ಟ್ ಹಂಟರ್‌ದು" ಅಂದ ಅಣ್ಣ.

ಅದು ನನಗೆ ಇನ್ನೂ ಜಾಸ್ತಿ ಹಿಡಿಸಿತು. ಹಾಡು ಸುಮ್ನೆ ಬಿದ್ದಿತ್ತು, ಅರ್ಥ ಆಮೇಲೆ ನಡೆದುಕೊಂಡು ಬಂತು. ಬದುಕಿ ಉಳಿಯುತ್ತೇನೆ ಅನ್ನುವ ಪಲ್ಲವಿಯಲ್ಲಿ ಕೊನೆಗೆ 'ನಾನು' ಹೋಗಿ 'ನಾವು' ಆಗುತ್ತದೆ, ಮೂರನೇ ಸಲ ಕೇಳುವಾಗ ಗಮನಿಸಿದೆ.

ಹಿಟ್ ಆದದ್ದು ಪೂರ್ತಿ ಒಳ್ಳೆಯದೇ ಆಯಿತು ಅನ್ನಲಾರೆ. ಟಿಕೆಟ್ ಇಲ್ಲದವರೂ ಸ್ಟೇಡಿಯಂ ಹೊರಗೆ ಗುಂಪುಗೂಡಿದರು, ಹಳೆಯ ಅಭಿಮಾನಿಗಳು ಹೊಸಬರನ್ನು ಈ ಹಾಡಿನ ಹೆಸರು ಹಿಡಿದು 'ಟಚ್‌ಹೆಡ್' ಅಂತ ಗೇಲಿ ಮಾಡಿದರು. ನಾನೂ ಟಚ್‌ಹೆಡ್ಡೇ ಬಿಡಿ.

ಗಾರ್ಸಿಯಾ ಬಲಗೈಯ ನಡುಬೆರಳು ಚಿಕ್ಕಂದಿನಲ್ಲೇ ಮೂರನೇ ಎರಡು ಭಾಗ ತುಂಡಾಗಿತ್ತಂತೆ. ಅದು ಗೊತ್ತಾದ ಮೇಲೆ ನನ್ನ ಉಂಗುರದ ಬೆರಳಿನ ಬಗ್ಗೆ ದೂರೋಕೆ ಬಾಯೇ ಬರಲಿಲ್ಲ. ಗಿಟಾರ್ ಮತ್ತೆ ತೊಡೆ ಮೇಲಿಟ್ಟುಕೊಂಡೆ. ತಂತಿ 'ಟುಸ್' ಅಂತು. ಅಣ್ಣ ನಕ್ಕ.